ಖಿನ್ನತೆಗೆ ‘ಬಂದಿದೆ’ ಅನ್ನಬಹುದಾದ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದ ಲೈನ್ ಮನೆಗಳಲ್ಲಿ ಹಂಚಲು ಒಂದು ಕರಪತ್ರ ಬರೆಯುತ್ತಿದ್ದೇವೆ, ನಾನು ಮತ್ತು ಇಬ್ಬರು ಆಶಾ ಕಾರ್ಯಕರ್ತೆಯರು. ‘ಖಿನ್ನತೆ ಒಂದು ಕಾಯಿಲೆ’ ಅಂತ ಮೊದಲ ಸಾಲು. ಅದನ್ನು ಓದಿ ಹೇಳಿದಾಗ, ಕಾಫಿ ಕೊಯ್ದು ಬಂದು ಕೈ ತೊಳೆಯುತ್ತಿದ್ದ ಒಬ್ಬ ಅಕ್ಕ ‘ಭಿನ್ನತೆಯಾ?’ ಅಂದರು. ಅಲ್ಲಿಗೆ ಆ ಸಾಲು ಹೋಯಿತು.

ಬೇರೆ ಪದ ಹುಡುಕಿದೆವು. ಖೇದ, ಖಿನ್ನ ಎರಡೂ ಒಂದೇ ಬೇರಿನವು, ಎರಡೂ ಪುಸ್ತಕದಲ್ಲೇ ಉಳಿದಿವೆ. ವಿಷಾದವನ್ನು ಮಂತ್ರಿಗಳು ವ್ಯಕ್ತಪಡಿಸಿ ವ್ಯಕ್ತಪಡಿಸಿ ಸವೆಸಿದ್ದಾರೆ. ಬೇಜಾರು ಅಂದರೆ ಕರೆಂಟ್ ಹೋದರೂ ಬೇಜಾರೇ. ಮಂಕು ಬೈಗುಳ. ಡಿಪ್ರೆಶನ್ ಅಂದರೆ ಮಳೆಗಾಲದ ಸುದ್ದಿಯಲ್ಲಿ ಬರುವ ವಾಯುಭಾರ ಕುಸಿತವೂ ಅದೇ, ಈ ಜಿಲ್ಲೆಯವರಿಗೆ ಅದರ ಭಯವೇ ಬೇರೆ!

ನನಗೆ ‘ಮನಸ್ಸು ಕುಗ್ಗುವುದು’ ಹಿಡಿಸಿತ್ತು. ಆಶಾ ಅಕ್ಕ ಒಪ್ಪಲಿಲ್ಲ. ‘ಕುಗ್ಗಿದೆ ಅಂದ ತಕ್ಷಣ ಪಕ್ಕದವರು ಕುಗ್ಗಬೇಡ, ಧೈರ್ಯ ತಗೋ ಅಂತಾರೆ. ಜ್ವರ ಬಂದವರಿಗೆ ಹಾಗೆ ಹೇಳ್ತೀವಾ?’

ಆಗ ಹೊಳೆಯಿತು ನೋಡಿ. ಕನ್ನಡದಲ್ಲಿ ಕಾಯಿಲೆ ನಮಗೆ ಬರುತ್ತದೆ, ನಾವು ಮಾಡುವುದಲ್ಲ. ‘ನನಗೆ ಜ್ವರ ಬಂದಿದೆ’, ಆದರೆ ‘ನಾನು ಕುಗ್ಗಿದ್ದೇನೆ’. ಪೇಪರಿನವರ ‘ಖಿನ್ನತೆಗೆ ಒಳಗಾಗಿದ್ದರು’, ಹುಡುಗರ ‘ಡಿಪ್ರೆಶನ್‌ಗೆ ಹೋದ’, ಎರಡರಲ್ಲೂ ಮನುಷ್ಯ ತಾನೇ ನಡೆದು ಹೋಗಿ ಒಳಗೆ ಕೂತ ಹಾಗಿದೆ, ಅಲ್ವಾ? ತಪ್ಪು ಅವನದೇ ಅನ್ನೋದಕ್ಕೆ ವ್ಯಾಕರಣವೇ ಸಾಕ್ಷಿ ಹೇಳಿದಂತೆ.

‘ಭಿನ್ನತೆಯಾ’ ಅಂದ ಅಕ್ಕನಿಗೆ, ನಿದ್ದೆ ಬರಲ್ಲ, ಹಸಿವಿಲ್ಲ, ಯಾವುದರಲ್ಲೂ ಖುಷಿಯಿಲ್ಲ, ಹೀಗೇ ಎರಡು ವಾರ ಅಂತ ಬಿಡಿಸಿ ಹೇಳಿದೆವು. ‘ಓ, ಒಲೆ ಹಚ್ಚೋಕೂ ಮನಸ್ಸು ಬರಲ್ವಲ್ಲ, ಅದಾ’ ಅಂದರು. ಜ್ವರ ಬರುತ್ತದೆ, ಇಲ್ಲಿ ಮನಸ್ಸೇ ಬರುವುದಿಲ್ಲ. ಸದ್ಯಕ್ಕೆ ‘ಯಾವುದಕ್ಕೂ ಮನಸ್ಸು ಬರ್ತಿಲ್ವಾ?’ ಅಂತಲೇ ದೊಡ್ಡ ಅಕ್ಷರದಲ್ಲಿ ಹಾಕಿದ್ದೇವೆ. ಕೆಳಗೆ, ಎರಡು ವಾರಕ್ಕಿಂತ ಜಾಸ್ತಿ ಹೀಗಿದ್ದರೆ ಆಸ್ಪತ್ರೆಗೆ ಬನ್ನಿ ಅಂತ ಒಂದು ಸಾಲು. ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಆದರೂ ಕಾಯಿಲೆಗೆ ಒಂದು ಹೆಸರು ಬೇಕು. ಚೀಟಿ ಬರೆಸುವಾಗ ‘ಮನಸ್ಸು ಬರಲ್ಲ’ ಅಂತ ಹೇಳೋಕಾಗುತ್ತಾ? ಧಾರವಾಡದ ಕಡೆ, ಮಂಗಳೂರು ಕಡೆ, ಹಳೇ ಮೈಸೂರಿನ ಕಡೆ ಅಜ್ಜಿಯರು ಇದಕ್ಕೆ ಏನನ್ನುತ್ತಿದ್ದರು? ದೆವ್ವ ಮೆಟ್ಟಿದೆ, ಗ್ರಹಚಾರ, ಇವೆರಡು ಬಿಟ್ಟು. ಮುಂದಿನ ವಾರ ಅಚ್ಚಿಗೆ ಕೊಡಬೇಕು, ಸ್ವಲ್ಪ ಬೇಗ ಹೇಳಿ.