ಪದಚರ್ಚೆ: ‘ಅಂಟಿಸು’ ಎಂದರೆ ಸೇರಿಸುವುದೋ, ಇದ್ದದ್ದನ್ನು ಅಳಿಸಿ ಬರೆಯುವುದೋ?

ಪ್ರಶ್ನೆ

ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್ ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಕಂಟ್ರೋಲ್+ಸಿ ‘ನಕಲಿಸು’, ಕಂಟ್ರೋಲ್+ಎಕ್ಸ್ ‘ಕತ್ತರಿಸು’, ಕಂಟ್ರೋಲ್+ವಿ ‘ಅಂಟಿಸು’ ಎಂದು ಇಟ್ಟುಕೊಂಡಿದ್ದೇವೆ. ‘ಪೇಸ್ಟ್ ಅಪೆಂಡ್’ ಎಂಬುದಕ್ಕೆ ‘ಸೇರಿಸಿ ಅಂಟಿಸು’ ಎಂದರೆ ಸಾಕೇ? ಕಂಟ್ರೋಲ್ ಕೀಲಿಯ ಜೊತೆ ಒಂಟಿ ಉದ್ಧರಣ ಚಿಹ್ನೆ ಒತ್ತಿದರೆ ಹಿಂದಿನ ಸಾಲಿನ ಮಾಹಿತಿ ಈ ಸಾಲಿಗೂ ಬರುತ್ತದೆ. ಅದಕ್ಕೆ ‘ಸದರಿ’ ಎಂಬ ಪದ ಒಪ್ಪೀತೇ?

ಉತ್ತರ

ಮೊದಲ ಮೂರು ಪದಗಳು ಈಗಾಗಲೇ ರೂಢಿಗೆ ಬಂದಿವೆ, ಬದಲಿಸಬೇಡಿ. ಆದರೆ ಅವು ಬಂದದ್ದು ಕಾಗದದ ಕೆಲಸದಿಂದ ಎಂಬುದು ನೆನಪಿರಲಿ. 1970ರ ದಶಕದಲ್ಲಿ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಸಂಗಡಿಗರು ಈ ವಿಧಾನವನ್ನು ರೂಪಿಸಿದಾಗ ಅವರ ಕಣ್ಣ ಮುಂದೆ ಇದ್ದದ್ದು ಕರಡು ತಿದ್ದುವವರ ಕತ್ತರಿ ಮತ್ತು ಅಂಟು. ಗದ್ಯದ ನಡುವೆ ಒಂದು ಚೀಟಿ ಅಂಟಿಸಿದರೆ ಉಳಿದದ್ದು ಕೆಳಕ್ಕೆ ಸರಿಯುತ್ತದೆ, ಏನೂ ಕಳೆದುಹೋಗುವುದಿಲ್ಲ. ಕೋಷ್ಟಕದಲ್ಲಿ ಹಾಗಲ್ಲ. ಅಲ್ಲಿ ಒಂದೇ ಕಂಟ್ರೋಲ್+ವಿ ಮೂರು ಬಗೆಯ ಕೆಲಸ ಮಾಡುತ್ತದೆ. ಮೂರಕ್ಕೂ ‘ಅಂಟಿಸು’ ಎಂದೇ ಬರೆದರೆ ಕಲಿಯುವವರು ಮಾಹಿತಿ ಕಳೆದುಕೊಳ್ಳುತ್ತಾರೆ.

ಒಂದನೆಯದು ಮನೆಯೊಳಗಿನ ಕೆಲಸ. (ಮನೆ ಎಂದರೆ ಸಾಲೂ ಕಾಲಮ್ಮೂ ಸೇರುವ ಚೌಕ, ಇಂಗ್ಲಿಷಿನ ‘ಸೆಲ್’. ಅಧಿಕೃತ ಪದ ‘ಕೋಶ’. ಚದುರಂಗಕ್ಕೆ 64 ‘ಮನೆ’ ಎನ್ನುವವರಿಗೆ ‘ಮನೆ’ ಇನ್ನೂ ಹತ್ತಿರ.) ಟ್ಯಾಬ್ ಅಥವಾ ಎಂಟರ್ ಒತ್ತಿ ಒಂದು ಮನೆಗೆ ಬಂದಾಗ ಅದರಲ್ಲಿರುವುದೆಲ್ಲ ಆಯ್ಕೆಯಾಗಿಯೇ ಇರುತ್ತದೆ. ಆಗ ಕಂಟ್ರೋಲ್+ವಿ ಒತ್ತಿದರೆ ಹಳೆಯದು ಹೋಗಿ ಹೊಸದು ಕೂರುತ್ತದೆ. ಎಫ್2 ಒತ್ತಿದರೆ ಆಯ್ಕೆ ಬಿಟ್ಟು ಕರ್ಸರ್ ಒಳಗೆ ಬರುತ್ತದೆ. ಆಮೇಲೆ ಒತ್ತಿದ ಕಂಟ್ರೋಲ್+ವಿ ಇದ್ದ ಪಠ್ಯದ ನಡುವೆ ಹೊಸದನ್ನು ಸೇರಿಸುತ್ತದೆ. ‘ಅಂಟಿಸು’ ಎಂಬ ಪದ ನಿಜವಾಗಿ ಹೊಂದುವುದು ಈ ಎರಡನೇ ಸಂದರ್ಭಕ್ಕೆ ಮಾತ್ರ. ತಪ್ಪಾಗಿದ್ದರೆ ಎಸ್ಕೇಪ್ ಒಮ್ಮೆ ಒತ್ತಿದರೆ ಆ ಮನೆ, ಇನ್ನೊಮ್ಮೆ ಒತ್ತಿದರೆ ಇಡೀ ಸಾಲು ಮೊದಲಿನಂತಾಗುತ್ತದೆ. ಆದರೆ ಸಾಲು ಬಿಟ್ಟು ಮುಂದೆ ಹೋಗುವ ಮೊದಲೇ ಒತ್ತಬೇಕು, ಏಕೆಂದರೆ ಸಾಲು ದಾಟಿದ ಕೂಡಲೇ ಆಕ್ಸೆಸ್ ಅದನ್ನು ತಾನೇ ಉಳಿಸಿಬಿಡುತ್ತದೆ.

ಎರಡನೆಯದು ಇಡೀ ಸಾಲಿನ ಕೆಲಸ. ಶಿಫ್ಟ್+ಸ್ಪೇಸ್ ಒತ್ತಿ ಸಾಲನ್ನು ಆಯ್ದು ಕಂಟ್ರೋಲ್+ಸಿ ಒತ್ತಿದಿರಿ ಎನ್ನಿ. ಈಗ ಇನ್ನೊಂದು ಹಳೆಯ ಸಾಲನ್ನು ಆಯ್ದು ಕಂಟ್ರೋಲ್+ವಿ ಒತ್ತಿದರೆ ಆ ಸಾಲಿನ ಮಾಹಿತಿ ಬದಲಾಗುತ್ತದೆ. ಹೊಸ ಸಾಲಾಗಿ ಕೊನೆಗೆ ಬರಬೇಕೆಂದರೆ ಹೋಮ್ ಪಟ್ಟಿಯಲ್ಲಿ ಪೇಸ್ಟ್ ಗುಂಡಿಯ ಕೆಳಗಿನ ಬಾಣ ಒತ್ತಿ ಪೇಸ್ಟ್ ಅಪೆಂಡ್ ಆರಿಸಬೇಕು. ಹೀಗಾಗಿ ‘ಸೇರಿಸಿ ಅಂಟಿಸು’ ಎಂದರೆ ಸಾಲದು, ಎಲ್ಲಿಗೆ ಸೇರಿಸುವುದು ಎಂಬುದು ಅದರಲ್ಲಿ ಇಲ್ಲ. ಹಳೆಯ ಸಾಲಿನ ಮೇಲೆ ಹಾಕುವುದಕ್ಕೆ ‘ಬದಲಿಸಿ ಹಾಕು’, ಪೇಸ್ಟ್ ಅಪೆಂಡ್‌ಗೆ ‘ಕೊನೆಗೆ ಸೇರಿಸು’ ಎಂಬುದು ನನ್ನ ಸಲಹೆ. ‘ಅಂಟಿಸು’ ಎರಡರಲ್ಲೂ ಬೇಡ.

ಕೈಪಿಡಿಯಲ್ಲಿ ಈ ಜಾಗದಲ್ಲಿ ಎರಡು ಎಚ್ಚರಿಕೆ ಹಾಕಿ. ಡೇಟಾಶೀಟಿನಲ್ಲಿ, ಎಂದರೆ ಕೋಷ್ಟಕವು ಸಾಲು ಕಾಲಂಗಳಾಗಿ ಕಾಣುವ ನೋಟದಲ್ಲಿ, ಸಾಲುಗಳು ಕಾಲಂಗಳ ಹೆಸರು ನೋಡಿ ಕೂರುವುದಿಲ್ಲ, ಎಡದಿಂದ ಬಲಕ್ಕೆ ಇರುವ ಕ್ರಮದಲ್ಲೇ ಕೂರುತ್ತವೆ. ಒಂದು ಕೋಷ್ಟಕದಲ್ಲಿ ಹೆಸರು, ಊರು ಎಂದೂ ಇನ್ನೊಂದರಲ್ಲಿ ಊರು, ಹೆಸರು ಎಂದೂ ಇದ್ದರೆ ತೀರ್ಥಹಳ್ಳಿ ಒಬ್ಬರ ಹೆಸರಾಗಿಬಿಡುತ್ತದೆ. ಎರಡೂ ಪಠ್ಯವೇ ಆದ್ದರಿಂದ ಆಕ್ಸೆಸ್ ತಕರಾರು ಮಾಡುವುದಿಲ್ಲ. ತಕರಾರು ಬರುವುದು ಸಂಖ್ಯೆಯ ಜಾಗಕ್ಕೆ ಪಠ್ಯ ಬಂದಾಗ, ಅಥವಾ ಪ್ರಾಥಮಿಕ ಕೀಲಿ (ಒಂದೊಂದು ಸಾಲನ್ನೂ ಬೇರೆಯಾಗಿ ಗುರುತಿಸುವ ಮೌಲ್ಯ) ಎರಡನೇ ಸಲ ಬಂದಾಗ. ಆಗ ಕೂರದೆ ಉಳಿದ ಸಾಲುಗಳನ್ನು ಆಕ್ಸೆಸ್ ‘ಪೇಸ್ಟ್ ಎರರ್ಸ್’ ಎಂಬ ಬೇರೆ ಕೋಷ್ಟಕಕ್ಕೆ ಹಾಕುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ತೆರೆದು ನೋಡಲೇಬೇಕು. ಎರಡನೇ ಎಚ್ಚರಿಕೆ ‘ಕತ್ತರಿಸು’ ಬಗ್ಗೆ. ಸಾಲನ್ನು ಕತ್ತರಿಸುವುದೆಂದರೆ ಅಳಿಸುವುದೇ. ಆಕ್ಸೆಸ್ ಕೇಳುವ ಪ್ರಶ್ನೆಗೆ ಹೌದು ಎಂದ ಮೇಲೆ ಕಂಟ್ರೋಲ್+ಝಡ್ ಅದನ್ನು ವಾಪಸು ತರುವುದಿಲ್ಲ.

ಮೂರನೆಯದು ಇಡೀ ಕೋಷ್ಟಕದ ನಕಲು. ಎಡಗಡೆಯ ಪಟ್ಟಿಯಲ್ಲಿ ಕೋಷ್ಟಕದ ಹೆಸರನ್ನು ಆಯ್ದು ಕಂಟ್ರೋಲ್+ಸಿ, ಕಂಟ್ರೋಲ್+ವಿ ಒತ್ತಿದರೆ ಬರೀ ರಚನೆ ಬೇಕೋ, ರಚನೆ ಮತ್ತು ಮಾಹಿತಿ ಎರಡೂ ಬೇಕೋ, ಇರುವ ಕೋಷ್ಟಕಕ್ಕೆ ಮಾಹಿತಿ ಸೇರಿಸಬೇಕೋ ಎಂದು ಆಕ್ಸೆಸ್ಸೇ ಕೇಳುತ್ತದೆ. ಇಲ್ಲಿ ಪದದ ತೊಡಕಿಲ್ಲ.

‘ನಕಲು’ ಬಗ್ಗೆ ಒಂದು ಮಾತು. ಅರಬ್ಬಿಯಿಂದ ಬಂದ ಈ ಪದ ನಮ್ಮ ಕಚೇರಿಗಳಲ್ಲಿ ಗೌರವದಿಂದಲೇ ಇದೆ: ಪಹಣಿಯ ನಕಲು, ದೃಢೀಕೃತ ನಕಲು. ಆದರೆ ‘ನಕಲು ದಾಖಲೆ’ ಮತ್ತು ‘ನಕಲಿ ದಾಖಲೆ’ ನಡುವೆ ಇರುವುದು ಒಂದು ಸ್ವರದ ಅಂತರ, ಎರಡನೆಯದು ಅಪರಾಧ. ಆದ್ದರಿಂದ ಕ್ರಿಯೆಗೆ ‘ನಕಲಿಸು’ ಇರಲಿ, ಬಂದ ಫಲಕ್ಕೆ ‘ಪ್ರತಿ’ ಎನ್ನಿ. ಒಂದೇ ವ್ಯಕ್ತಿಯ ವಿವರ ಎರಡು ಸಲ ಸೇರಿಹೋಗಿದ್ದರೆ ಅದನ್ನು ‘ನಕಲಿ ದಾಖಲೆ’ ಎಂದು ಬರೆಯಲೇಬಾರದು, ‘ಎರಡು ಸಲ ಬಂದ ನಮೂದು’ ಎಂದರೆ ಸ್ಪಷ್ಟ.

ಇನ್ನು ‘ಸದರಿ’. ಅದು ಒಂಟಿಯಾಗಿ ನಿಲ್ಲುವ ಪದವಲ್ಲ. ಸದರಿ ಜಮೀನು, ಸದರಿ ಅರ್ಜಿದಾರರು ಎಂದು ಮುಂದೊಂದು ನಾಮಪದ ಬೇಡುತ್ತದೆ. ‘ಹಿಂದಿನಂತೆ’ ಎನ್ನೋಣವೆಂದರೆ, ತಿದ್ದುವ ಮೊದಲು ಇದ್ದಂತೆ ಎಂಬ ಅರ್ಥ ಬಂದು ಎಸ್ಕೇಪ್ ಕೀಲಿಯ ಕೆಲಸದೊಡನೆ ಗೊಂದಲವಾಗುತ್ತದೆ. ಕೈಬರಹದ ರಿಜಿಸ್ಟರುಗಳಲ್ಲಿ ಬರೆಯುವ ‘ಮೇಲಿನಂತೆ’ ಇಲ್ಲಿ ಸರಿಯಾಗಿ ಕೂರುತ್ತದೆ. ಒಂದು ಸಲಕ್ಕೆ ಒಂದು ಸಾಲು ಮಾತ್ರ ಕಾಣುವ ಫಾರಂನಲ್ಲಿ ‘ಮೇಲೆ’ ಎಂಬುದು ಕಣ್ಣಿಗೆ ಬೀಳದಿದ್ದರೂ ಅರ್ಥ ಕೆಡುವುದಿಲ್ಲ. ಅದು ತರುವುದು ಪಕ್ಕದ ಕಾಲಂನದಲ್ಲ, ಹಿಂದಿನ ಸಾಲಿನ ಅದೇ ಕಾಲಂನ ಮೌಲ್ಯ. ವಿಂಗಡಣೆ ಬದಲಿಸಿದರೆ ಹಿಂದಿನ ಸಾಲೂ ಬದಲಾಗುತ್ತದೆ ಎಂಬುದನ್ನು ಬರೆಯಿರಿ. ಅದರ ಪಕ್ಕದಲ್ಲೇ ಕಂಟ್ರೋಲ್ ಮತ್ತು ಅರ್ಧವಿರಾಮ ಚಿಹ್ನೆ ಒತ್ತಿದರೆ ಇಂದಿನ ದಿನಾಂಕ ಬರುತ್ತದೆ ಎಂಬುದನ್ನೂ ಸೇರಿಸಿ. ಅರ್ಜಿ ನಮೂದಿಸುವವರಿಗೆ ಎರಡೂ ಒಟ್ಟೊಟ್ಟಿಗೆ ಬೇಕಾಗುತ್ತವೆ.

ಪೂರಕ

ಮೇಲಿನ ಪದಗಳಿಗೆ ಒಪ್ಪಿಗೆ ಇದೆ. ಕನ್ನಡ ಪಠ್ಯವನ್ನೇ ಅಂಟಿಸುವಾಗ ಆಗುವ ತೊಂದರೆಯನ್ನೂ ಕೈಪಿಡಿಗೆ ಸೇರಿಸಿ. ಕಾಲಂನ ಅಳತೆಯನ್ನು ‘ಅಕ್ಷರ’ಗಳಲ್ಲಿ ಹೇಳಬೇಡಿ. ‘ಕೃಷ್ಣಮೂರ್ತಿ’ ನಮಗೆ 4 ಅಕ್ಷರ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಅದು ಕ, ೃ, ಷ, ್, ಣ, ಮ, ೂ, ರ, ್, ತ, ಿ ಎಂದು 11 ಸಂಕೇತ. ಅಳತೆ 10 ಎಂದು ಇಟ್ಟ ಕಾಲಂನಲ್ಲಿ ಈ ಹೆಸರು ಪೂರ್ತಿ ಹಿಡಿಸುವುದಿಲ್ಲ. ‘ಸಂಕೇತ’ ಎಂಬ ಪದವನ್ನೇ ಬಳಸಿ, ಹೆಸರಿನ ಕಾಲಂಗೆ ಕನಿಷ್ಠ 100 ಇಡಿ. ಪಠ್ಯದ ಕಾಲಂ 255ರವರೆಗೆ ಹಿಡಿಯುತ್ತದೆ.

ಹಳೆಯ ನುಡಿ ಅಥವಾ ಬರಹ ಫಾಂಟಿನ ಕಡತದಿಂದ ನಕಲಿಸಿದ್ದು ಕೋಷ್ಟಕದಲ್ಲಿ ರೋಮನ್ ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಯೇ ಅಂಟಿಸಬೇಕು. ಪರಿವರ್ತಿಸಿದ ಮೇಲೂ ‘ಸುರೇಶ್’ ಎಂಬಂಥ ಹೆಸರಿನ ಕೊನೆಯಲ್ಲಿ ಝೀರೋ ವಿಡ್ತ್ ನಾನ್ ಜಾಯಿನರ್ ಎಂಬ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ ಉಳಿದಿರಬಹುದು. ಆಗ ಪರದೆಯ ಮೇಲೆ ಎರಡು ‘ಸುರೇಶ್’ ಒಂದೇ ತರಹ ಕಂಡರೂ ಹುಡುಕಿದಾಗ ಒಂದೇ ಸಿಗಬಹುದು. ಪತ್ತೆ ಮಾಡಲು ಕ್ವೆರಿಯಲ್ಲಿ (ಕೋಷ್ಟಕಕ್ಕೆ ಕೇಳುವ ಪ್ರಶ್ನೆಯಲ್ಲಿ) ಸಂಕೇತಗಳನ್ನು ಎಣಿಸುವ ಲೆನ್ ಫಂಕ್ಷನ್ ಹಾಕಿ ಹೆಸರಿನ ಉದ್ದ ನೋಡಿ: ಸರಿಯಾದ ‘ಸುರೇಶ್’ 6 ಬರುತ್ತದೆ, 7 ಬಂದರೆ ಕೊನೆಯಲ್ಲಿ ಏನೋ ಅಂಟಿಕೊಂಡಿದೆ.