ಮದುವೆ ಕ್ಯಾಸೆಟ್ಟನ್ನ ಡಿವಿಡಿಗೆ ಹಾಕುವಾಗ ಸದ್ದು ಹಿಂದೆ ಬೀಳ್ತಿದೆ

ಮಂಡ್ಯ ಹೈದ:
ಎಲ್ಲರಿಗೂ ನಮಸ್ಕಾರ. ಮದುವೆ, ನಾಮಕರಣ, ಒಂದು ವರ್ಷದ ಜಂಬೂಸವಾರಿ ಸೇರಿ ಆರು ವಿಎಚ್ಎಸ್ ಕ್ಯಾಸೆಟ್ ಇವೆ, ಎಲ್ಲಾ ಇ-180. ವಿಸಿಆರ್‌ನಿಂದ ಹಳದಿ-ಬಿಳಿ ವೈರು, ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ಕು, ವಿಂಡೋಸ್ 10 ಲ್ಯಾಪ್‌ಟಾಪ್. ಸ್ಟಿಕ್ ಜೊತೆ ಬಂದ ಸಾಫ್ಟ್‌ವೇರಲ್ಲೇ ನೇರವಾಗಿ ‘ಡಿವಿಡಿ’ ಅಂತ ಒತ್ತಿ ರೆಕಾರ್ಡ್ ಮಾಡ್ತಿದೀನಿ. ಶುರುವಲ್ಲಿ ಸರಿಯಾಗಿರುತ್ತೆ. ಒಂದು ಗಂಟೆ ದಾಟಿದ್ಮೇಲೆ ಗಟ್ಟಿಮೇಳದಲ್ಲಿ ಡೋಲಿಗೆ ಕಡ್ಡಿ ಬಿದ್ದು ಕೈ ಮೇಲೆದ್ದಾದ್ಮೇಲೆ ಸದ್ದು ಕೇಳುತ್ತೆ. ಚಿತ್ರದ ತಳದಲ್ಲಿ ಒಂದು ಸಣ್ಣ ಪಟ್ಟಿ ಕುಣೀತಾನೇ ಇರುತ್ತೆ. ಮದುವೆದು 2 ಗಂಟೆ 40 ನಿಮಿಷ, ಒಂದೇ ಡಿಸ್ಕಿಗೆ ತುರುಕಿದ್ರೆ ಮುಖ ಎಲ್ಲಾ ಚೌಕ ಚೌಕ. ಇನ್ನೆರಡು ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಪುಡಿ ಕಾಣ್ತಿದೆ, ಅವನ್ನ ಇನ್ನೂ ಹಾಕಿಲ್ಲ.

ಒಂಟಿಕೊಪ್ಪಲ್:
ಬಿಳಿ ಪುಡಿ ಇರೋ ಎರಡನ್ನ ಹಾಕದೇ ಇದ್ದದ್ದು ಒಳ್ಳೇದಾಯ್ತು. ಅದು ಬೂಷ್ಟು. ನಾಲೆ ಬಯಲಿನ ಮನೆ, ಮಳೆಗಾಲ, ಅಟ್ಟದ ಪೆಟ್ಟಿಗೆ, ಇಷ್ಟು ಸಾಕು ಅದಕ್ಕೆ. ಒಂದು ಸಲ ಹಾಕಿದ್ರೆ ವಿಸಿಆರ್ ಒಳಗೆ ಟೇಪ್ ಓದೋ ಹೆಡ್ಡಿಗೆ ಮೆತ್ಕೊಂಡು ಮುಂದೆ ಹಾಕೋ ಒಳ್ಳೆ ಕ್ಯಾಸೆಟ್ಟಿಗೂ ಅಂಟುತ್ತೆ. ಎರಡನ್ನೂ ಬೇರೆ ಕವರಲ್ಲಿ ಕಟ್ಟಿಡಿ. ಬಿಚ್ಚುವಾಗ ಮನೆಯಿಂದ ಆಚೆ ಕೂತು, ಮಾಸ್ಕ್ ಹಾಕ್ಕೊಂಡು ಬಿಚ್ಚಿ. ಡಬ್ಬಿಯ ತಳದಲ್ಲಿ ಐದು ಸ್ಕ್ರೂ ಇರುತ್ತೆ. ರೀಲಿನ ಅಂಚನ್ನ ನೂಲು ಬಿಡದ ಬಟ್ಟೆಗೆ 99% ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆಲ್ಲಗೆ ಒರೆಸಿ. ಮೊಬೈಲ್ ರಿಪೇರಿಯವರು ಬಳಸೋದೇ ಇದು. 70%ದು ಬೇಡ, ಉಳಿದದ್ದು ನೀರು. ಪೂರ್ತಿ ಒಣಗಿದ್ಮೇಲೆ ರೀಲುಗಳನ್ನ ಬೇರೊಂದು ಶುದ್ಧ ಕ್ಯಾಸೆಟ್ ಡಬ್ಬಿಗೆ ವರ್ಗ ಮಾಡಿ.

ವಿಸಿಆರ್ ಹೆಡ್ ಒರೆಸೋದಾದ್ರೆ ಕಿವಿಕಡ್ಡಿ ಮುಟ್ಟಬೇಡಿ. ಚಮೋಯಿಸ್ ಚರ್ಮದ ತುಂಡನ್ನ ಹೆಡ್ ಕೂತಿರೋ ಡ್ರಮ್ಮಿಗೆ (ತಿರುಗೋ ಉರುಳೆಗೆ) ತಾಗಿಸಿ ಅಲ್ಲಾಡಿಸದೆ ಹಿಡಿದು, ಇನ್ನೊಂದು ಕೈಲಿ ಡ್ರಮ್ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದ್ರೆ ಹೆಡ್ಡಿನ ತುದಿ ಮುರಿಯುತ್ತೆ.

ಟ್ರ್ಯಾಕಿಂಗ್ ತಿರುಪು:
ಸದ್ದು ಹಿಂದೆ ಬೀಳೋದಕ್ಕೆ ಸದ್ದು ಕಾರಣ ಅಲ್ಲ, ಚಿತ್ರ ಕಾರಣ. ಹಳೇ ಟೇಪ್ ಒಂದೇ ಸಮ ಓಡಲ್ಲ, ಸಿಗ್ನಲ್ ಅಲ್ಲಲ್ಲಿ ಎಡವುತ್ತೆ, ಸ್ಟಿಕ್ಕು ಅಲ್ಲಿನ ಫ್ರೇಮನ್ನ (ಒಂದೊಂದು ಬಿಡಿ ಚಿತ್ರ) ಬಿಟ್ಟುಬಿಡುತ್ತೆ. ನಮ್ಮ ದೇಶದ ಟಿವಿ ಪದ್ಧತಿ ಪಾಲ್, ಸೆಕೆಂಡಿಗೆ 25 ಫ್ರೇಮು. 25 ಬಿಟ್ಟುಹೋದ್ರೆ ಚಿತ್ರ ಒಂದು ಸೆಕೆಂಡು ಮುಂದೆ ಓಡಿತು ಅಂತ ಲೆಕ್ಕ. ಸದ್ದನ್ನ ಒಟ್ಟಾಗಿ ಅಷ್ಟು ಮುಂದೆ ಜರುಗಿಸಿದ್ರೆ ಪ್ರಯೋಜನ ಇಲ್ಲ, ಆಗ ಶುರುವಿನ ಭಾಗ ಕೆಡುತ್ತೆ.

ಮೊದಲು ನೇರ ಡಿವಿಡಿ ರೆಕಾರ್ಡಿಂಗ್ ಬಿಡಿ. ವರ್ಚುವಲ್‌ಡಬ್ ಹಾಕ್ಕೊಳ್ಳಿ, ಪುಕ್ಕಟೆ ಸಿಗೋ ರೆಕಾರ್ಡಿಂಗ್ ಸಾಫ್ಟ್‌ವೇರು. ಸ್ಟ್ಯಾಂಡರ್ಡ್ ಪಾಲ್-ಬಿ, ಅಳತೆ 720x576, ಕೋಡೆಕ್ (ವಿಡಿಯೋ ಕುಗ್ಗಿಸೋ ವಿಧಾನ) ಹಫ್‌ವೈಯುವಿ ಅಥವಾ ಲಗರಿತ್, ಆಡಿಯೋ 48,000 ಹರ್ಟ್ಸ್. ಗಂಟೆಗೆ 30-35 ಜಿಬಿ ತಿನ್ನುತ್ತೆ, ಮದುವೆ ಒಂದಕ್ಕೇ 90 ಜಿಬಿ ಹತ್ತಿರ. ಹೊರಗಿನ ಡಿಸ್ಕ್ ಫ್ಯಾಟ್32 ಆಗಿದ್ರೆ ಒಂದು ಫೈಲು 4 ಜಿಬಿ ಮುಟ್ಟಿದ ಕೂಡ್ಲೆ ನಿಲ್ಲುತ್ತೆ, ಎನ್‌ಟಿಎಫ್‌ಎಸ್ ಮಾಡ್ಕೊಳ್ಳಿ. ರೆಕಾರ್ಡ್ ಆಗ್ತಿರುವಾಗ ಬಲಗಡೆ ಪಟ್ಟಿಯಲ್ಲಿ ಫ್ರೇಮ್ ಎಷ್ಟು ಬಿತ್ತು ಅನ್ನೋ ಲೆಕ್ಕ ಬರುತ್ತೆ, ಅದರ ಮೇಲೇ ಕಣ್ಣಿರಲಿ. ಸ್ಟಿಕ್ಕನ್ನ ಯುಎಸ್‌ಬಿ ಹಬ್‌ಗೆ ಚುಚ್ಚಬೇಡಿ, ನೇರ ಲ್ಯಾಪ್‌ಟಾಪಿಗೇ ಚುಚ್ಚಿ, ಆಂಟಿವೈರಸ್ಸು, ವೈಫೈ ಎರಡೂ ಆಫ್ ಮಾಡಿ.

ಇಷ್ಟಾದ್ಮೇಲೂ ಫ್ರೇಮ್ ಬೀಳ್ತಿದ್ರೆ ತಪ್ಪು ಸಿಗ್ನಲ್ಲಿಂದೇ. ವಿಸಿಆರ್‌ಗೂ ಸ್ಟಿಕ್ಕಿಗೂ ನಡುವೆ ಒಂದು ಹಳೇ ಡಿವಿಡಿ ರೆಕಾರ್ಡರ್ ಇಟ್ಟು ಅದರ ಮೂಲಕ ಹಾಯಿಸಿ. ಪ್ಯಾನಾಸೋನಿಕ್ ಇಎಸ್10, ಇಎಸ್15 ಈ ಕೆಲಸಕ್ಕೇ ಹೆಸರುವಾಸಿ. ಒಳಗೆ ಸಿಗ್ನಲ್ ಮತ್ತೆ ಜೋಡಿಸಿ ಕಳಿಸ್ತವೆ. ಬರೀ ಪ್ಲೇಯರ್ ಆದ್ರೆ ಆಗಲ್ಲ, ಅದಕ್ಕೆ ಇನ್‌ಪುಟ್ ಇರಲ್ಲ.

ಕ್ಯಾಸೆಟ್ ಹಾಕಿದ ತಕ್ಷಣ ಪ್ಲೇ ಒತ್ತಬೇಡಿ. ಫಾಸ್ಟ್ ಫಾರ್ವರ್ಡಲ್ಲಿ ಕೊನೆ ತನಕ ಒಮ್ಮೆ ಓಡಿಸಿ ಹಿಂದಕ್ಕೆ ಸುತ್ತಿ, ವರ್ಷಗಟ್ಟಲೆ ಅಂಟ್ಕೊಂಡ ಸುತ್ತು ಸಡಿಲ ಆಗಲಿ. ಬೆನ್ನಿನ ರೆಕಾರ್ಡ್ ಟ್ಯಾಬ್ ಮುರಿದಿದೆಯಾ ನೋಡಿ, ಮುರಿದಿದ್ರೆ ತಪ್ಪಿ ರೆಕಾರ್ಡ್ ಒತ್ತಿದ್ರೂ ಹಳೇದು ಅಳಿಯಲ್ಲ.

ಮಂಡ್ಯ ಹೈದ:
ಥ್ಯಾಂಕ್ಸ್ ಸಾರ್. ತಳದ ಪಟ್ಟಿ ಹೆಡ್ ಸವೆದಿರೋದಕ್ಕಾ? ಸದ್ದೂ ಎಡಗಡೆ ಸ್ಪೀಕರಲ್ಲಿ ಮಾತ್ರ ಬರುತ್ತೆ.

ಸಯ್ಯಾಜಿರಾವ್ ರಸ್ತೆ:
ಅಲ್ಲ, ಅದು ಒಂದು ಹೆಡ್ಡಿಂದ ಇನ್ನೊಂದು ಹೆಡ್ಡಿಗೆ ಬದಲಾಗೋ ಜಾಗ, ಎಲ್ಲ ವಿಎಚ್ಎಸ್‌ನಲ್ಲೂ ಇರುತ್ತೆ. ಟಿವಿಯಲ್ಲಿ ಅಂಚಿನಾಚೆ ಹೋಗ್ತಿದ್ದರಿಂದ ಕಾಣ್ತಿರಲಿಲ್ಲ ಅಷ್ಟೇ. ಕತ್ತರಿಸಬೇಡಿ, ತಳದ 8-10 ಗೆರೆ ಕಪ್ಪು ಬಳೀರಿ, 576 ಹಾಗೇ ಉಳೀಬೇಕು. ನಿಮ್ಮ ವಿಸಿಆರ್ ಮೊನೊ, ಅಂದ್ರೆ ಸದ್ದಿಗೆ ಒಂದೇ ಟ್ರ್ಯಾಕ್, ಎಡದ ಟ್ರ್ಯಾಕನ್ನ ಎಡಿಟಿಂಗಲ್ಲಿ ಬಲಕ್ಕೂ ನಕಲು ಮಾಡಿ.

ಡಿವಿಡಿ ಲೆಕ್ಕ: 4.7 ಜಿಬಿಗೆ 2 ಗಂಟೆ ಅಂದ್ರೆ ವಿಡಿಯೋಗೆ 4,800 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಅಷ್ಟೇ ಸಿಗುತ್ತೆ. ವಿಎಚ್ಎಸ್‌ನ ಕಾಳು ಕಾಳು ಚಿತ್ರಕ್ಕೆ ಅದು ಕಡಿಮೆ. 2 ಗಂಟೆ 40 ನಿಮಿಷ ತುರುಕಿದ್ರೆ ಚೌಕ ಬರದೇ ಇನ್ನೇನು? ಎರಡು ಡಿಸ್ಕ್ ಮಾಡಿ, ಒಂದೊಂದಕ್ಕೆ 80 ನಿಮಿಷ, 7,000 ಕೆಬಿಪಿಎಸ್, ಆಡಿಯೋ ಎಸಿ3 224. ಧಾರೆಯ ನಡುವೆ ಕತ್ತರಿ ಹಾಕಬೇಡಿ, ಆರತಕ್ಷತೆ ಶುರುವಾಗೋ ಹತ್ತಿರ ಎಲ್ಲಾದ್ರೂ ಹಾಕಿ. ಮೆನುಗೆ ಡಿವಿಡಿಸ್ಟೈಲರ್, ಬರೆಯೋಕೆ ಇಮ್ಗ್‌ಬರ್ನ್, ವೇಗ 8 ದಾಟೋದು ಬೇಡ. 90 ಜಿಬಿ ಫೈಲು ಮಾತ್ರ ಅಳಿಸಬೇಡಿ, ಡಿವಿಡಿ ನೆಂಟರಿಗೆ ಹಂಚೋಕೆ.

ಮದುವೆದು ಹೃದಯ, ನಕ್ಷತ್ರದ ಎಫೆಕ್ಟು ಹಾಕಿದ ಎಡಿಟ್ ಮಾಡಿದ ಕ್ಯಾಸೆಟ್ಟೇ? ಹಾಗಾದ್ರೆ ಅದು ನಕಲು. ಕ್ಯಾಮೆರಾದ ಮೂಲ ಟೇಪ್ ಮನೇಲಿ ಎಲ್ಲಾದ್ರೂ ಇದ್ರೆ ಅದನ್ನೇ ಹಾಕಿ, ಬಣ್ಣದ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ.

ಇನ್ನೊಂದು. ಎನ್‌ಕೋಡ್ ಮಾಡುವಾಗ ಇಂಟರ್‌ಲೇಸ್ಡ್, ಮೇಲಿನ ಫೀಲ್ಡ್ ಮೊದಲು ಅಂತ ಕೊಡಿ. ಒಂದೊಂದು ಫ್ರೇಮೂ ಒಂದು ಬಿಟ್ಟು ಒಂದು ಗೆರೆಯ ಎರಡು ಅರ್ಧ ಚಿತ್ರ ಸೇರಿ ಆಗಿರುತ್ತೆ, ಆ ಅರ್ಧವೇ ಫೀಲ್ಡ್. ಡಿಇಂಟರ್‌ಲೇಸ್ ಮಾಡೋದು (ಎರಡು ಫೀಲ್ಡನ್ನ ಒಂದೇ ಪೂರ್ತಿ ಚಿತ್ರ ಮಾಡೋದು) ಮೊಬೈಲಿಗೆ, ಯೂಟ್ಯೂಬಿಗೆ ಮಾತ್ರ. ಜಂಬೂಸವಾರಿಯ ಐದು ನಿಮಿಷವನ್ನ ಮೊದಲು ಆರ್‌ಡಬ್ಲ್ಯೂ ಡಿಸ್ಕಿಗೆ (ಅಳಿಸಿ ಮತ್ತೆ ಬರೆಯಬಹುದಾದದ್ದು) ಬರೆದು, ಟಿವಿಗೆ ಸೇರಿಸಿದ ಪ್ಲೇಯರಲ್ಲಿ ನೋಡಿ. ಆನೆ ಹೆಜ್ಜೆ ಇಡುವಾಗ ಒಂದು ಚೂರು ಮುಂದೆ, ಮತ್ತೆ ಹಿಂದೆ ಜಗ್ಗಿದ ಹಾಗೆ ಕಂಡ್ರೆ ಫೀಲ್ಡ್ ತಿರುಗಾಮುರುಗಾ ಆಗಿದೆ. ಕಂಪ್ಯೂಟರ್ ಪರದೆಯಲ್ಲಿ ಎಷ್ಟೋ ಸಲ ಇದು ಗೊತ್ತೇ ಆಗಲ್ಲ.