‘ನಿನ್ನೆ ಸಾಗರಕ್ಕೆ ಹೋಗಿದ್ದೆ’: ಇಲ್ಲಿ ‘ಹ್ಯಾಡ್’ ಬೇಕೇ?

ಪ್ರಶ್ನೆ: ತೀರ್ಥಹಳ್ಳಿ ಕಡೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ‘ನಿನ್ನೆ ಸಾಗರಕ್ಕೆ ಹೋಗಿದ್ದೆ’ ಅನ್ನುವುದನ್ನು ಮಕ್ಕಳು ‘ಐ ಹ್ಯಾಡ್ ಗಾನ್ ಟು ಸಾಗರ ಯೆಸ್ಟರ್‌ಡೇ’ ಎಂದೇ ಬರೆಯುತ್ತಾರೆ. ‘ಹೋದೆ’ಗೆ ‘ವೆಂಟ್’, ‘ಹೋಗಿದ್ದೆ’ಗೆ ‘ಹ್ಯಾಡ್ ಗಾನ್’ ಅಲ್ಲವೇ ಸಾರ್ ಅನ್ನುತ್ತಾರೆ. ಏನು ಹೇಳಲಿ?

ಉತ್ತರ: ಮೇಷ್ಟ್ರೇ, ಗೊಂದಲ ಹುಟ್ಟುವುದೇ ಆ ಜೋಡಿಯಿಂದ. ‘ಹೋಗಿದ್ದೆ’ ಅಂದರೆ ಹೋಗಿ ಬಂದೂ ಆಯಿತು ಎಂದರ್ಥ. ಬರೀ ‘ಹೋದೆ’ ಅಂದರೆ ಕೇಳುವವರು ‘ಆಮೇಲೆ?’ ಎಂದು ಕಾಯುತ್ತಾರೆ. ಹಾಗಾಗಿ ಒಂದೇ ಸಂಗತಿ ಹೇಳುವಾಗಲೂ ನಮಗೆ ‘ಹೋಗಿದ್ದೆ’ ಸಹಜ. ಇಂಗ್ಲಿಷಿನ ‘ಹ್ಯಾಡ್ ಗಾನ್’ ಹಾಗಲ್ಲ. ಹಿಂದೆ ನಡೆದ ಇನ್ನೊಂದು ಸಂಗತಿಗಿಂತ ಇದು ಮೊದಲೇ ಆಗಿತ್ತು ಎನ್ನುವಾಗ ಮಾತ್ರ ಅದು ಬೇಕು. ಆ ಇನ್ನೊಂದು ಸಂಗತಿ ಇಲ್ಲದಿದ್ದರೆ ‘ಐ ವೆಂಟ್ ಟು ಸಾಗರ ಯೆಸ್ಟರ್‌ಡೇ’, ಅಷ್ಟೇ.

ಅದೇ ಕನ್ನಡ ವಾಕ್ಯವನ್ನು ಬೇರೆ ಸಂದರ್ಭದಲ್ಲಿಟ್ಟು ತೋರಿಸಿ. ‘ನೀನು ಮನೆಗೆ ಬಂದಾಗ ನಾನಿರಲಿಲ್ಲ, ಸಾಗರಕ್ಕೆ ಹೋಗಿದ್ದೆ.’ ಇಲ್ಲಿ ‘ನೀನು ಬಂದದ್ದು’ ಎರಡನೆಯ ಸಂಗತಿ, ಆದ್ದರಿಂದ ‘ಐ ಹ್ಯಾಡ್ ಗಾನ್ ಟು ಸಾಗರ’ ಸರಿ. ಎರಡನೆಯ ಸಂಗತಿ ಅದೇ ವಾಕ್ಯದಲ್ಲಿ ಇರಲೇಬೇಕೆಂದಿಲ್ಲ, ಹಿಂದಿನ ವಾಕ್ಯದಲ್ಲಿದ್ದರೂ ಸಾಕು.

ಅರ್ಥವೇ ಬದಲಾಗುವ ಕಡೆ ಇನ್ನೂ ಚೆನ್ನಾಗಿ ನಾಟುತ್ತದೆ. ‘ವೆನ್ ವಿ ರೀಚ್ಡ್ ದ ಸ್ಟೇಷನ್, ದ ತಾಳಗುಪ್ಪ ಟ್ರೇನ್ ಹ್ಯಾಡ್ ಲೆಫ್ಟ್’ ಅಂದರೆ ರೈಲು ತಪ್ಪಿಹೋಗಿತ್ತು. ‘ಹ್ಯಾಡ್’ ತೆಗೆದು ಬರೀ ‘ಲೆಫ್ಟ್’ ಅಂದರೆ ನಾವು ತಲುಪಿದ ಹೊತ್ತಿಗೇ ಹೊರಟಿತು ಎಂದಾಗುತ್ತದೆ. ‘ಬಿಫೋರ್’, ‘ಆಫ್ಟರ್’ ಇದ್ದರೆ ಹಿಂದುಮುಂದು ಆ ಪದದಲ್ಲೇ ತಿಳಿಯುವುದರಿಂದ ‘ಹ್ಯಾಡ್’ ಬಿಟ್ಟರೂ ನಡೆಯುತ್ತದೆ.

‘ನಿನ್ನೆ ಬಂದಿರಲಿಲ್ಲ’ ಎನ್ನುವುದಕ್ಕೂ ಇದೇ ಲೆಕ್ಕ: ‘ಐ ಡಿಡ್ ನಾಟ್ ಕಮ್ ಯೆಸ್ಟರ್‌ಡೇ’. ‘ಡಿಡ್’ ಬಂದಮೇಲೆ ಕ್ರಿಯಾಪದ ಮೂಲರೂಪದಲ್ಲೇ ಇರಬೇಕು, ‘ಡಿಡ್ ನಾಟ್ ಕೇಮ್’ ಆಗಬಾರದು.

ತಿದ್ದುವಾಗ ಒಂದು ಎಚ್ಚರ. ‘ಹ್ಯಾಡ್ ಬೇಡ’ ಎಂದಷ್ಟೇ ಹೇಳಿದರೆ ಮಕ್ಕಳು ರಜಾ ಅರ್ಜಿಯ ‘ಐ ಹ್ಯಾಡ್ ಎ ಫೀವರ್ ಯೆಸ್ಟರ್‌ಡೇ’ಯಲ್ಲೂ ಅದನ್ನು ಹೊಡೆದುಹಾಕುತ್ತಾರೆ. ಅಲ್ಲಿ ‘ಹ್ಯಾಡ್’ ಸಹಾಯಕ್ಕೆ ಬಂದದ್ದಲ್ಲ, ‘ಹ್ಯಾವ್’ನ ಭೂತಕಾಲ, ಅದೇ ಮುಖ್ಯ ಕ್ರಿಯಾಪದ. ಪಕ್ಕದಲ್ಲಿ ‘ಗಾನ್’, ‘ಸೀನ್’, ‘ಈಟನ್’ ಥರದ ಮೂರನೇ ರೂಪ ಇದೆಯೇ ಎಂದು ಮೊದಲು ನೋಡಿಸಿ. ಇದ್ದರೆ ಮಾತ್ರ ಎರಡನೆಯ ಸಂಗತಿಯನ್ನು ಹುಡುಕಿಸಿ.